ಬಿಸಿಲು, ಕಾರು ಮತ್ತು ನನ್ನ ಭೌತಶಾಸ್ತ್ರ

ಶಿವರಾತ್ರಿಗೆ ಚಳಿ 'ಶಿವ ಶಿವಾ' ಎನ್ನುತ್ತ ಹೊರಟುಹೋಗುತ್ತದೆ ಎಂಬುದು ನಮ್ಮಲ್ಲಿ ರೂಢಿಯ ಮಾತು. ನಮ್ಮ ರಾಯಚೂರಿನಲ್ಲಿ ಅದು ಶಿವರಾತ್ರಿಯವರೆಗೂ ಕಾಯುವುದಿಲ್ಲ. ಕೃಷ್ಣೆ ತುಂಗಭದ್ರೆಯರ ನಡುವೆ ಇದ್ದರೂ ಬೇಸಿಗೆಯಲ್ಲಿ ನಮ್ಮ ಪಾಲಿಗೆ ನದಿಗಳಿಗಿಂತ ಬಿಸಿಲೇ ಹೆಚ್ಚು. ಇಲ್ಲಿ ಓದಿ ಈಗ ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೊನ್ನೆ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಹೊಸದಾಗಿ ಕಾರು ಕೊಂಡಿದ್ದಾಳೆ. "ಸರ್, ನಿಲ್ಲಿಸಿದ ಗಾಡಿಯ ಮುಂದಿನ ಗಾಜಿಗೆ ಹಾಕೋ ಸನ್ ಶೇಡ್ ಅಂತ ಬರ್ತದಲ್ರಿ, ಯಾವುದು ತೊಗೊಳ್ಳಲಿ? ಅಂಗಡ್ಯಾಗ ಹತ್ತು ನಮೂನಿ ತೋರಸ್ತಾರ. ನೀವು ಸೈನ್ಸ್ ಸರ್, ನಿಮಗ ಗೊತ್ತಿರ್ತದ" ಎಂದಳು. "ಬರೆದು ಹಾಕ್ತೀನಿ, ಓದಿಕೊಳ್ಳವ್ವಾ" ಎಂದು ಹೇಳಿ ಫೋನು ಇಟ್ಟೆ. ಬರೆಯಲು ಕುಳಿತಾಗ ಬರಿಯ ಸನ್ ಶೇಡಿನ ಮಾತನ್ನಷ್ಟೇ ಬರೆದು ಮುಗಿಸುವುದು ನನ್ನಿಂದಾಗದೆಂದು ತಿಳಿಯಿತು. ಆ ವಸ್ತುವು ನಮ್ಮ ಮನೆಗೆ ಬಂದ ಬಗೆಯಲ್ಲಿ ನನ್ನದೊಂದು ತಪ್ಪಿದೆ. ಅದನ್ನು ಮುಚ್ಚಿಟ್ಟು ಉಪದೇಶ ಮಾಡುವುದು ಸರಿಯಲ್ಲ.

ನಾನು ನಿವೃತ್ತನಾದದ್ದು 2018ರಲ್ಲಿ. ಸೇವಾವಧಿಯುದ್ದಕ್ಕೂ ಮೊದಲು ಸೈಕಲ್ಲು, ಬಳಿಕ ಸ್ಕೂಟರು. ಮರುವರ್ಷ ಮಗ ವಿದೇಶಕ್ಕೆ ಹೊರಟಾಗ ತನ್ನ ಸಣ್ಣ ಬಿಳಿಯ ಕಾರನ್ನು ನಮಗೆ ಬಿಟ್ಟುಹೋದ. ಮನೆಗೆ ಗ್ಯಾರೇಜು ಇಲ್ಲ. ಓಣಿಯಲ್ಲಿ ನಿಲ್ಲಿಸಬೇಕು. ಪಕ್ಕದ ಮನೆಯವರ ಬೇವಿನ ಮರ ಹನ್ನೊಂದು ಗಂಟೆಯವರೆಗೆ ನೆರಳು ಕೊಡುತ್ತದೆ. ಅನಂತರ ಕಾರು ಸೂರ್ಯನ ಪಾಲು. ಮೂರು ಬೇಸಿಗೆ ಕಳೆಯುವಷ್ಟರಲ್ಲಿ ಡ್ಯಾಶ್‌ಬೋರ್ಡಿನ ಹೊಳಪು ಹೋಗಿ ಮೂಲೆಯಿಂದ ಒಂದು ಬಿರುಕು ಹೊರಟಿತು. ಅದರ ಮೇಲೆ ಅಂಟಿಸಿದ್ದ ಪುಟ್ಟ ಗಣಪತಿಯು ಅಂಟು ಕರಗಿ ಅಡ್ಡಬಿದ್ದ. ಮುಂದಿನ ಗಾಜಿನ ಒಳಮೈಗೆ ಎಷ್ಟು ಒರೆಸಿದರೂ ಮರಳಿ ಕೂರುವ ಮಸುಕು ಪೊರೆಯೊಂದು ಕಟ್ಟತೊಡಗಿತು. ಪ್ಲಾಸ್ಟಿಕ್ಕನ್ನು ಮೆತ್ತಗಿಡಲು ಬೆರೆಸಿರುವ ದ್ರವ್ಯಗಳು ಬಿಸಿಗೆ ನಿಧಾನವಾಗಿ ಆವಿಯಾಗಿ ಗಾಜಿನ ಮೇಲೆ ಹೀಗೆ ಕೂರುತ್ತವೆ. ಅವನ್ನು ಕಳೆದುಕೊಂಡ ಪ್ಲಾಸ್ಟಿಕ್ಕು ಬಿರುಸಾಗಿ ಬಿರಿಯುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ, 'ಹಳೆಯ ಗಾಡಿ, ಹೋದರೆ ಹೋಗಲಿ' ಎಂದು ಸುಮ್ಮನಿದ್ದೆ.

2022ರ ಮೇ ತಿಂಗಳಿನಲ್ಲಿ ಸಿಂಧನೂರಿನಲ್ಲಿ ಬಂಧುಗಳ ಮನೆಯ ಮದುವೆಯಿತ್ತು. ನಾನೂ ನನ್ನ ಶ್ರೀಮತಿಯೂ ಬೆಳಿಗ್ಗೆಯೇ ಹೊರಟೆವು. ಅವಳಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ; ಹೊತ್ತಿಗೆ ಸರಿಯಾಗಿ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ರಾತ್ರಿ ಅಲ್ಲಿಯೇ ಉಳಿಯುವುದಿದ್ದುದರಿಂದ ಔಷಧವನ್ನು ಒಂದು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಬಂದಿದ್ದಳು. ಕಲ್ಯಾಣ ಮಂಟಪದ ಮುಂದೆ ಇಳಿಯುವಾಗ ಕೈಯಲ್ಲಿ ಸೀರೆಯ ಪೊಟ್ಟಣ, ಹೂವು, ಹಣ್ಣು ಎಲ್ಲ ಇದ್ದವು. ಚೀಲವನ್ನು ನನ್ನ ಕೈಗೆ ಕೊಟ್ಟು, "ಇದನ್ನ ಒಳಗ ತೊಗೊಂಡು ಬರ್ರಿ" ಎಂದಳು. ನಾನು ಅದನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು, ಗಾಡಿಯನ್ನು ಬಯಲಿನಲ್ಲಿ ಸಾಲಿಗೆ ನಿಲ್ಲಿಸಿ, ಪರಿಚಯದವರೊಬ್ಬರು ಕರೆದರೆಂದು ಮಾತನಾಡುತ್ತ ಒಳಗೆ ಹೋದೆ.

ಚೀಲದ ನೆನಪಾದದ್ದು ಸಂಜೆ ನಾಲ್ಕಕ್ಕೆ. ಓಡಿ ಬಂದು ಕಾರಿನ ಬಾಗಿಲು ತೆರೆದರೆ ಒಲೆಯ ಬಾಯಿ ತೆರೆದಂತಾಯಿತು. ಚೀಲವು ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಿತ್ತು. ಏನು ಮಾಡಿದೆನೆಂದು ಹೇಳಲು ಈಗಲೂ ಸಂಕೋಚವಾಗುತ್ತದೆ. ಹಸಿಬಟ್ಟೆಯಲ್ಲಿ ಸುತ್ತಿ, ಬಂಧುಗಳ ಮನೆಯ ಫ್ರಿಜ್ಜಿನಲ್ಲಿಟ್ಟು, ತಣ್ಣಗಾಯಿತೆಂದು ಸಮಾಧಾನಪಟ್ಟುಕೊಂಡೆ. ಅವಳಿಗೆ ಹೇಳಲಿಲ್ಲ. ನೋಡಲು ಔಷಧ ಮೊದಲಿನಂತೆಯೇ ಇತ್ತು. ಕುದಿದ ನೀರು ಆರಿದರೆ ಮತ್ತೆ ನೀರೇ ತಾನೇ ಎಂಬ ಎಣಿಕೆ ನನ್ನದು.

ಊರಿಗೆ ಮರಳಿದ ನಾಲ್ಕನೆಯ ದಿನ ಅವಳಿಗೆ ತಲೆಸುತ್ತು, ತಡೆಯಲಾರದ ಬಾಯಾರಿಕೆ, ರಾತ್ರಿಯಿಡೀ ಎದ್ದೆದ್ದು ಹೋಗುವುದು ಆರಂಭವಾಯಿತು. ಮನೆಯಲ್ಲಿಯೇ ರಕ್ತ ಪರೀಕ್ಷಿಸಿದರೆ ಸಕ್ಕರೆಯು ಮುನ್ನೂರು ದಾಟಿತ್ತು. ನನಗೆ ಕೋಪ ಬಂತು. ಮದುವೆಯಲ್ಲಿ ಬಡಿಸಿದ ಹೋಳಿಗೆಯ ನೆನಪಾಯಿತು. "ನಾನು ಆ ಕಡೆ ಹೋದಾಗ ತಿಂದಿದ್ದಿ. ವಯಸ್ಸಾದ್ರೂ ಬಾಯಿ ಹಿಡಿತದಾಗ ಇಲ್ಲ" ಎಂದು ಮನೆಗೆ ಬಂದಿದ್ದ ಅವಳ ತಂಗಿಯ ಎದುರಿನಲ್ಲಿಯೇ ಬೈದೆ. ತಿಂದಿಲ್ಲವೆಂದು ಅವಳು ಒಮ್ಮೆ ಹೇಳಿದಳು. ನಾನು ನಂಬಲಿಲ್ಲ. ಎರಡನೆಯ ಸಲ ಅವಳು ಹೇಳಲಿಲ್ಲ.

ಮರುದಿನ ವೈದ್ಯರಲ್ಲಿಗೆ ಹೋದೆವು. ಊಟದ ವಿವರವನ್ನೆಲ್ಲ ಕೇಳಿದ ಮೇಲೆ ಅವರು ಔಷಧವನ್ನು ಎಲ್ಲಿ ಇಟ್ಟಿರುತ್ತೀರಿ, ಎಲ್ಲಿಯಾದರೂ ಪ್ರಯಾಣ ಮಾಡಿದ್ದಿರಾ ಎಂದು ಕೇಳಿದರು. ನಾನು ಸುಮ್ಮನಿದ್ದೆ. ಮತ್ತೊಮ್ಮೆ ಕೇಳಿದಾಗ ಹೇಳಿದೆ. ಇನ್ಸುಲಿನ್ ಒಂದು ಪ್ರೋಟೀನು. ಮೊಟ್ಟೆಯ ಬಿಳಿಯನ್ನು ಕಾಯಿಸಿ ಆರಿಸಿದರೆ ಅದು ಮರಳಿ ಹಸಿಯಾಗದು. ಹಾಗೆಯೇ ಬಿಸಿಗೆ ಕೆಟ್ಟ ಇನ್ಸುಲಿನ್ ತಣ್ಣಗಾದರೂ ಕೆಟ್ಟದ್ದೇ. ನೋಡಿದರೆ ವ್ಯತ್ಯಾಸ ಕಾಣದೆಯೂ ಇರಬಹುದು. ನಾಲ್ಕು ದಿನವೂ ಅವಳು ಸತ್ವ ಹೋದ ಔಷಧವನ್ನು ನಿಷ್ಠೆಯಿಂದ ಚುಚ್ಚಿಕೊಂಡಿದ್ದಳು. ಹೊಸದನ್ನು ಆರಂಭಿಸಿದ ಎರಡು ಮೂರು ದಿನಗಳಲ್ಲಿ ಸಕ್ಕರೆ ಹತೋಟಿಗೆ ಬಂತು.

ದಾರಿಯುದ್ದಕ್ಕೂ ಅವಳು ಏನೂ ಮಾತನಾಡಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಾಗ ಒಂದೇ ಮಾತು ಹೇಳಿದಳು: "ಅವತ್ತು ಒಂದು ಹೋಳಿಗಿ ತಿಂದಾರ ಬಿಡಬೇಕಿತ್ತು."

ಆ ವಾರವೇ ನಾನು ಸನ್ ಶೇಡ್ ಕೊಳ್ಳಲು ಹೊರಟೆ. ಅದರಿಂದ ಏನು ಸರಿಯಾಗುತ್ತದೆಂದು ಹೊರಟೆನೋ ನನಗೂ ಸ್ಪಷ್ಟವಿರಲಿಲ್ಲ. ಏನನ್ನಾದರೂ ಮಾಡಬೇಕೆನಿಸಿತ್ತು.

ಇನ್ನು ಸ್ವಲ್ಪ ಪಾಠ. ನನ್ನ ವಿದ್ಯಾರ್ಥಿಗಳು ತಾಳ್ಮೆಯಿಂದ ಕೇಳಬೇಕು.

ಬೆಳಕು ಗಾಜಿನ ಮೂಲಕ ಸಲೀಸಾಗಿ ಒಳಗೆ ಬರುತ್ತದೆ. ಕಪ್ಪು ಡ್ಯಾಶ್‌ಬೋರ್ಡು ಅದನ್ನು ಹೀರಿ ಬಿಸಿಯಾಗುತ್ತದೆ. ಬಿಸಿಯಾದ ವಸ್ತು ಹೊರಸೂಸುವ ಉದ್ದ ತರಂಗದ ಅವಕೆಂಪು ಕಿರಣಗಳನ್ನು ಗಾಜು ಹೊರಗೆ ಬಿಡುವುದಿಲ್ಲ. ಇಷ್ಟನ್ನೇ ನಾನು ಹಸಿರುಮನೆಯ ಪಾಠವೆಂದು ವರ್ಷಗಟ್ಟಲೆ ಹೇಳಿದೆ. ಅದು ಅರ್ಧ ಪಾಠ. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯೂ. ವುಡ್ ಎರಡು ಪೆಟ್ಟಿಗೆಗಳನ್ನು ಮಾಡಿ ಒಂದಕ್ಕೆ ಗಾಜನ್ನೂ ಇನ್ನೊಂದಕ್ಕೆ ಅವಕೆಂಪು ಕಿರಣಗಳನ್ನು ಹೊರಗೆ ಬಿಡುವ ಕಲ್ಲುಪ್ಪಿನ ಹಲಗೆಯನ್ನೂ ಹೊದಿಸಿ ಬಿಸಿಲಿಗಿಟ್ಟ. ಎರಡೂ ಹೆಚ್ಚುಕಡಿಮೆ ಒಂದೇ ಸಮನಾಗಿ ಕಾದವು. ಒಳಗೆ ಬಿಸಿಯಾದ ಗಾಳಿಯು ಹೊರಗೆ ಹೋಗಲಾಗದೆ ಸಿಕ್ಕಿಬೀಳುವುದೇ ಮುಖ್ಯ ಕಾರಣವೆಂದು ಇದರಿಂದ ತಿಳಿಯುತ್ತದೆ. ಅದಕ್ಕೂ ಮೊದಲೇ, 1767ರಲ್ಲಿ, ಸ್ವಿಟ್ಜರ್ಲೆಂಡಿನ ಸೊಸೂರ್ ಎಂಬಾತ ಗಾಜು ಹೊದಿಸಿದ ಪೆಟ್ಟಿಗೆಯನ್ನು ಬಿಸಿಲಿಗಿಟ್ಟು ಪ್ರಯೋಗ ಆರಂಭಿಸಿದ್ದ. ಅವನ ಸುಧಾರಿಸಿದ ಪೆಟ್ಟಿಗೆಯಲ್ಲಿ ಶಾಖವು ನೀರು ಕುದಿಯುವ ಮಟ್ಟವನ್ನೂ ದಾಟಿತು. ನಮ್ಮ ಸೌರ ಕುಕ್ಕರಿನ ಮೂಲಪುರುಷ ಆತ. ಬಿಸಿಲಿನಲ್ಲಿ ಕಿಟಕಿಗಳನ್ನು ಮುಚ್ಚಿ ನಿಲ್ಲಿಸಿದ ಕಾರು ನಾಲ್ಕು ಚಕ್ರದ ಸೌರ ಕುಕ್ಕರೇ.

ಸ್ಟೇಷನ್ ರಸ್ತೆಯ ಕಡೆ ಕಾರಿನ ಬಿಡಿ ಸಾಮಾನಿನ ಅಂಗಡಿಯಿಟ್ಟಿರುವವನು ನನ್ನ ಶಿಷ್ಯನೇ. ಹೆಸರು ಬೇಡ, 1996ರ ತಂಡದವರಿಗೆ ಗೊತ್ತಾಗುತ್ತದೆ. ಹಿಂದಿನ ಬೆಂಚಿನವನು. ನಾನು ಒಳಗೆ ಕಾಲಿಟ್ಟೊಡನೆ ಎದ್ದು ಕುರ್ಚಿ ಕೊಟ್ಟು, ಚಹಾ ತರಿಸಿ, "ಯಾವ ಗಾಡಿ, ಎಷ್ಟು ಹೊತ್ತು ಬಿಸಿಲಾಗ ನಿಂತಿರ್ತದ, ದಿನಾ ಎಷ್ಟು ಸಲ ತೆಗೀತೀರಿ?" ಎಂದು ಕೇಳಿದ. ಸರಿಯಾದ ಪ್ರಶ್ನೆಗಳು. ಬೆಲೆ ಕೇಳುವ ಮೊದಲು ಕೊಳ್ಳುವವರೂ ತಮ್ಮನ್ನು ತಾವು ಇವನ್ನೇ ಕೇಳಿಕೊಳ್ಳಬೇಕು.

ಅವನು ಒಂದೊಂದಾಗಿ ಬಿಡಿಸಿ ತೋರಿಸಿದ. ಮೊದಲನೆಯದು ಮಡಿಕೆ ಮಡಿಕೆಯಾಗಿ ಹಾರ್ಮೋನಿಯಂ ತಿದಿಯಂತೆ ಮುಚ್ಚಿಕೊಳ್ಳುವ ಹಾಳೆ. ನಡುವೆ ಗಾಳಿಗುಳ್ಳೆಗಳು, ಹೊರಮೈಗೆ ಬೆಳ್ಳಿಯ ಬಣ್ಣದ ಹೊಳಪು. ಮೇಲಿನ ಎರಡು ಮುಖಮರೆಗಳನ್ನು ಕೆಳಗೆ ಮಡಿಚಿದರೆ ಹಿಡಿದುಕೊಳ್ಳುತ್ತದೆ. ತುಸು ಜಾಗ ತಿನ್ನುತ್ತದೆ, ಆದರೆ ಬಿಡಿಸುವುದೂ ಮಡಿಚುವುದೂ ಮಕ್ಕಳಿಗೂ ಬರುತ್ತದೆ.

ಎರಡನೆಯದು ಅಂಚಿನಲ್ಲಿ ಉಕ್ಕಿನ ತಂತಿಯುಳ್ಳ ತೆಳು ನೈಲಾನ್ ಬಟ್ಟೆ. ತಿರುಚಿದರೆ ಒಂದು ರೊಟ್ಟಿಯಷ್ಟಾಗಿ ಚೀಲ ಸೇರುತ್ತದೆ. ಕೈಬಿಟ್ಟರೆ ಚಂಗನೆ ಹಾರಿ ಬಿಚ್ಚಿಕೊಳ್ಳುತ್ತದೆ. "ಎಂಟರ ಅಂಕಿ ಬರೆದಂಗ ತಿರುವ್ರಿ ಸರ್" ಎಂದು ಅವನು ಕಲಿಸಿದ. ಮೂರು ಸಲ ಪ್ರಯತ್ನಿಸಿ ಸೋತೆ. ನಾಲ್ಕನೆಯ ಸಲ ಅದು ನನ್ನ ಕನ್ನಡಕವನ್ನು ಬೀಳಿಸಿತು.

ಮೂರನೆಯದು ಕೊಡೆ. ನಿಜವಾದ ಕೊಡೆಯಂತೆಯೇ ಕಡ್ಡಿಗಳು, ಹಿಡಿಕೆ. ತೆರೆಯುವುದು ಕ್ಷಣದ ಕೆಲಸ. ಆದರೆ ಹಿಡಿಕೆಯು ನಡುವಿನ ಪರದೆಗೆ ತಾಗುತ್ತದೆಯೇ, ಕಡ್ಡಿಯ ತುದಿಗಳು ಡ್ಯಾಶ್‌ಬೋರ್ಡನ್ನು ಗೀರುತ್ತವೆಯೇ ಎಂದು ನಮ್ಮ ಗಾಡಿಯಲ್ಲಿಯೇ ಇಟ್ಟು ನೋಡಬೇಕು. ತೆಗೆಯುವಾಗ ಲೋಹದ ಕಡ್ಡಿಗಳು ಕೈ ಸುಡಬಹುದು.

ನಾಲ್ಕನೆಯದು ಗಾಜಿನ ಹೊರಗೆ ಹೊದಿಸುವ ಬಗೆ. ಅಂಚನ್ನು ಮುಂದಿನ ಎರಡು ಬಾಗಿಲುಗಳಿಗೆ ಸಿಕ್ಕಿಸಬೇಕು. ವಿಜ್ಞಾನದ ದೃಷ್ಟಿಯಿಂದ ಇದೇ ಉತ್ತಮ; ಬಿಸಿಲು ಗಾಜನ್ನೇ ಮುಟ್ಟುವುದಿಲ್ಲ. ಆದರೆ ನಮ್ಮೂರಿನ ಗಾಳಿಗೆ ಪಟಪಟನೆ ಬಡಿದು, ಸಿಕ್ಕಿಕೊಂಡ ಧೂಳಿನಿಂದ ಗಾಜನ್ನು ಉಜ್ಜುತ್ತದೆ. ಪ್ರತಿ ಸಲವೂ ಅದನ್ನು ಕೊಡವಿ ಒಳಗಿಡುವ ತಾಳ್ಮೆ ಇದ್ದವರಿಗೆ ಅಡ್ಡಿಯಿಲ್ಲ.

ಪಕ್ಕದ ಕಿಟಕಿಗಳಿಗೆ ಅಂಟಿಸುವ ಕಪ್ಪು ಜಾಲರಿಯನ್ನೂ ತೋರಿಸಿದ. ಅದು ಮೈಮೇಲೆ ಬೀಳುವ ಬಿಸಿಲನ್ನು ತಡೆಯುತ್ತದೆ. ಆದರೆ ಕಪ್ಪು ಬಟ್ಟೆ ತಾನೇ ಬೆಳಕನ್ನು ಹೀರಿ ಒಳಗಿನ ಗಾಳಿಗೆ ಶಾಖ ಕೊಡುತ್ತದೆ. ಬೆಳ್ಳಿಯ ಹೊಳಪಿನ ಗುಣ ಬೇರೆ. ಅದು ಬೆಳಕನ್ನು ಶಾಖವಾಗಲು ಬಿಡದೆ, ಬೆಳಕಾಗಿಯೇ ಬಂದ ದಾರಿಯಿಂದ ಹಿಂದಕ್ಕೆ ಕಳುಹಿಸುತ್ತದೆ. ಒಳಗೆ ಬಿಟ್ಟ ಗಾಜು ಹೊರಗೂ ಬಿಡುತ್ತದೆ. ಆದ್ದರಿಂದ ಹೊಳೆಯುವ ಮೈ ಹೊರಕ್ಕಿರಬೇಕು, ಮತ್ತು ಹಾಳೆಯು ಗಾಜಿಗೆ ಆದಷ್ಟು ಹತ್ತಿರವಿರಬೇಕು. ಚಿತ್ರ ಚೆಂದವಿದೆಯೆಂದು ಅದನ್ನು ಹೊರಗೆ ಮಾಡಿ ಹೊಳಪನ್ನು ಒಳಗೆ ಮಾಡಿದವರನ್ನು ನಮ್ಮ ಓಣಿಯಲ್ಲಿಯೇ ಕಂಡಿದ್ದೇನೆ.

ಗಾಜಿಗೆ ಕಪ್ಪು ಫಿಲ್ಮು ಅಂಟಿಸಿಬಿಟ್ಟರೆ ಈ ತಾಪತ್ರಯವೇ ಬೇಡವಲ್ಲ ಎಂದು ನಾನು ಕೇಳಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜುಗಳ ಮೂಲಕ ಶೇಕಡಾ 70ರಷ್ಟು, ಪಕ್ಕದ ಗಾಜುಗಳ ಮೂಲಕ ಶೇಕಡಾ 50ರಷ್ಟು ಬೆಳಕಾದರೂ ಹಾಯಬೇಕು. 2012ರಲ್ಲಿ ಸುಪ್ರೀಂ ಕೋರ್ಟು ಕಪ್ಪು ಫಿಲ್ಮನ್ನೇ ನಿಷೇಧಿಸಿತು. ನಿಯಮಗಳಿಗೆ ಆದ ತಿದ್ದುಪಡಿಯ ಆಧಾರದ ಮೇಲೆ, ಈ ಮಿತಿಯೊಳಗಿನ ಪ್ರಮಾಣಿತ ಫಿಲ್ಮುಗಳಿಗೆ ಅಡ್ಡಿಯಿಲ್ಲವೆಂದು ಕೇರಳ ಹೈಕೋರ್ಟು 2024ರಲ್ಲಿ ಹೇಳಿದೆ. ನಿಲ್ಲಿಸಿದಾಗ ಹಾಕಿ, ಹೊರಡುವ ಮೊದಲು ತೆಗೆಯುವ ಶೇಡಿಗೆ ಈ ಗೊಂದಲವಿಲ್ಲ. ಪೂರ್ತಿ ತೆಗೆಯಬೇಕು ಎಂಬುದಷ್ಟೇ ಮುಖ್ಯ. ಅರ್ಧ ಮಡಿಚಿ ಓಡಿಸುವುದು ಬೇಡ.

ಅಳತೆಯ ಮಾತು. "ಎಲ್ಲಾ ಗಾಡಿಗೂ ಆಗ್ತದ" ಎಂದು ಬರೆದಿರುವುದು ಯಾವ ಗಾಡಿಗೂ ಸರಿಯಾಗಿ ಆಗುವುದಿಲ್ಲವೆಂದು ಅಂಗಡಿಯವನೇ ಹೇಳಿದ. ಗಾಜು ಮೇಲೆ ಕಿರಿದು, ಕೆಳಗೆ ಅಗಲ. ಮೇಲಿನ ಅಗಲ, ಕೆಳಗಿನ ಅಗಲ, ನಡುವಿನ ಎತ್ತರ ಮೂರನ್ನೂ ಒಳಗಿನಿಂದ ಟೇಪು ಹಿಡಿದು ಅಳೆಯಬೇಕು. ಹಿಂದೆ ನೋಡುವ ಕನ್ನಡಿಯ ಬುಡದಲ್ಲಿ ಈಚಿನ ಗಾಡಿಗಳಿಗೆ ಕ್ಯಾಮೆರಾ ಇರುತ್ತದೆ. ಅಲ್ಲಿ ಕತ್ತರಿಸಿದ ಜಾಗ ಸರಿಯಾಗಿ ಕೂರಬೇಕು. ಅಂಚಿನಲ್ಲಿ ನಾಲ್ಕು ಬೆರಳು ಬಿಟ್ಟುಹೋದರೆ ಅಷ್ಟೇ ಅಗಲದ ಪಟ್ಟಿಯೊಂದು ದಿನವೂ ಅದೇ ಜಾಗದಲ್ಲಿ ಸುಡುತ್ತದೆ.

ನನಗೆ ಮೊದಲನೆಯ ಬಗೆಯೇ ಸರಿ ಎಂದು ಅವನು ನಿರ್ಧರಿಸಿದ. ಕಾರಣವನ್ನೂ ಹೇಳಿದ: "ಕಷ್ಟ ಆಗೋದು ಕೊಟ್ರ ನೀವು ಎಂಟು ದಿನ ಹಾಕ್ತೀರಿ, ಆಮ್ಯಾಲ ಡಿಕ್ಕ್ಯಾಗ ಬಿದ್ದಿರ್ತದ. ದಿನಾ ಹಾಕೋದೇ ಚಲೋದು, ಸರ್." ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಹಣ ಕೊಟ್ಟು ಏಳುವಾಗ ಆ ಬೆಳ್ಳಿಯ ಹಾಳೆಯನ್ನು ನೋಡುತ್ತ ನನಗೆ ಏನೋ ನೆನಪಾಯಿತು. 1996ರ ತಂಡದವರೇ, ನಿಮಗೂ ನೆನಪಿರಬಹುದು. ಶಾಲೆಗೆ ಪೆಟ್ಟಿಗೆಯಾಕಾರದ ಸೌರ ಕುಕ್ಕರ್ ತಂದು, ಹತ್ತನೆಯ ತರಗತಿಯ ಮುಂದಿನ ಅಂಗಳದಲ್ಲಿಟ್ಟು ಅನ್ನ ಮಾಡಿ ತೋರಿಸುವೆನೆಂದು ಹೇಳಿದ್ದೆ. ಕಪ್ಪು ಪಾತ್ರೆ, ಮೇಲೆ ಎರಡು ಪದರ ಗಾಜು, ಬೆಳಕನ್ನು ಒಳಕ್ಕೆ ತಿರುಗಿಸಲು ಮುಚ್ಚಳದಲ್ಲಿ ಕನ್ನಡಿ. ಎರಡು ಗಂಟೆಯ ನಂತರ ಹೋಗಿ ನೋಡಿದರೆ ಮುಚ್ಚಳ ಮುಚ್ಚಿತ್ತು, ಅಕ್ಕಿ ಅಕ್ಕಿಯಾಗಿಯೇ ಇತ್ತು. ಎಲ್ಲರೂ ನಕ್ಕರು. ಮುಚ್ಚಿದವನು ಯಾರೆಂದು ಕೇಳಿದಾಗ ಇವನು ಎದ್ದು ನಿಂತ. ಕುಚೇಷ್ಟೆಯೆಂದು ತಿಳಿದು, ಆ ಅವಧಿ ಮುಗಿಯುವವರೆಗೆ ಅವನನ್ನು ಅದೇ ಅಂಗಳದ ಬಿಸಿಲಿನಲ್ಲಿ ನಿಲ್ಲಿಸಿದೆ. ಆ ಮುಚ್ಚಿದ ಕನ್ನಡಿ ಈ ಸನ್ ಶೇಡೇ. ಅಂದು ಪ್ರಯೋಗ ಕೆಟ್ಟಿತೆಂದು ನಾನು ಅಂದುಕೊಂಡದ್ದು ಇನ್ನೊಂದು ಪ್ರಯೋಗವಾಗಿ ಯಶಸ್ವಿಯಾಗಿಯೇ ಇತ್ತು.

"ಅವತ್ತು ಮುಚ್ಚಳ ಯಾಕ ಮುಚ್ಚಿದ್ದಿ?" ಎಂದು ಕೇಳಿದೆ.

ಅವನು ನಕ್ಕ. "ಕನ್ನಡಿ ಬೆಳಕು ಕಿಟಕ್ಯಾಗಿಂದ ಬೋರ್ಡಿನ ಮ್ಯಾಲ ಬೀಳತಿತ್ತು ಸರ್. ಅಕ್ಷರ ಕಾಣವಲ್ದು ಅಂತ ನೀವ ಅಂದ್ರಿ. ಅದಕ್ಕ ಎದ್ದು ಹೋಗಿ ಮುಚ್ಚಿ ಬಂದೆ."

"ಅಂದೇ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ರಿ. ಯಾರು ಮುಚ್ಚಿದ್ರು ಅಂತ ಕೇಳಿದ್ರಿ. ಯಾಕ ಅಂತ ಕೇಳಲಿಲ್ಲ."

ಅವನ ದನಿಯಲ್ಲಿ ಕಹಿಯಿರಲಿಲ್ಲ. ಗಿರಾಕಿಯೊಬ್ಬರು ಬಂದರು, ಅವನು ಅತ್ತ ತಿರುಗಿದ. ನಾನು ಹಾಳೆಯನ್ನು ಬಗಲಲ್ಲಿಟ್ಟುಕೊಂಡು ಹೊರಗೆ ಬಂದೆ. ವಿಜ್ಞಾನವೆಂದರೆ ಏಕೆ ಎಂದು ಕೇಳುವುದು ಎಂದು ಪ್ರತಿ ವರ್ಷ ಜೂನ್ ತಿಂಗಳ ಮೊದಲ ತರಗತಿಯಲ್ಲಿ ಹೇಳುತ್ತಿದ್ದವನು ನಾನು. ಹಿಂದಿನ ಬೆಂಚಿನ ಹುಡುಗನನ್ನೂ ಕೇಳಲಿಲ್ಲ, ಮನೆಯವಳನ್ನೂ ಕೇಳಲಿಲ್ಲ.

ಮನೆಗೆ ಬಂದ ಮೇಲೆ ಎರಡು ದಿನ ಒಂದು ಸಣ್ಣ ಪರೀಕ್ಷೆ ಮಾಡಿದೆ. ನನ್ನ ಬಳಿ ಪ್ರಯೋಗಶಾಲೆಯ ಎರಡು ಹಳೆಯ ಉಷ್ಣಮಾಪಕಗಳಿವೆ. ಒಂದನ್ನು ತೆಳು ಬಟ್ಟೆಯಡಿ ಡ್ಯಾಶ್‌ಬೋರ್ಡಿಗೆ ತಾಗಿಸಿಟ್ಟೆ. ಇನ್ನೊಂದಕ್ಕೆ ನೇರ ಬಿಸಿಲು ಬೀಳದಂತೆ ಕಾಗದದ ಮರೆ ಮಾಡಿ ಸೀಟಿನ ಮಟ್ಟದಲ್ಲಿ ತೂಗುಹಾಕಿದೆ. ಹೊರಗೆ ನೆರಳಿನಲ್ಲಿ ಎರಡೂ ದಿನ ನಲವತ್ತರ ಆಸುಪಾಸು. ಮೇ ಮೊದಲ ವಾರದಲ್ಲಿ ನಮ್ಮೂರಿನಲ್ಲಿ ಸೂರ್ಯನು ಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ಸುಮಾರಿನ ದಿನಗಳಲ್ಲಿ ಗಾಡಿಯ ಮುಖವನ್ನು ಯಾವ ದಿಕ್ಕಿಗೆ ಮಾಡಿದರೂ ನಡುಹಗಲಿನಲ್ಲಿ ಓರೆಯಾದ ಮುಂದಿನ ಗಾಜಿಗೆ ಬಿಸಿಲು ತಪ್ಪುವುದಿಲ್ಲ. ಶೇಡ್ ಇಲ್ಲದ ದಿನ ಎರಡು ಗಂಟೆಯ ಬಳಿಕ ಡ್ಯಾಶ್‌ಬೋರ್ಡು 76 ಡಿಗ್ರಿ, ಸೀಟಿನ ಬಳಿಯ ಗಾಳಿ 57. ಶೇಡ್ ಹಾಕಿದ ದಿನ ಡ್ಯಾಶ್‌ಬೋರ್ಡು 53, ಗಾಳಿ 51. ಇದು ಮನೆಯ ಮಟ್ಟದ ಅಳತೆ, ಪ್ರಬಂಧವಲ್ಲ. ಆದರೂ ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಡ್ಯಾಶ್‌ಬೋರ್ಡಿಗೆ ದೊರೆತ ಉಪಕಾರ ದೊಡ್ಡದು, ಗಾಳಿಗೆ ದೊರೆತದ್ದು ಸಣ್ಣದು. ಮಾಡಿನ ತಗಡು, ಪಕ್ಕದ ಗಾಜುಗಳು, ಹಿಂದಿನ ಗಾಜು ತಮ್ಮ ಕೆಲಸವನ್ನು ಮಾಡುತ್ತಲೇ ಇರುತ್ತವೆ.

ಇದೇ ಈ ಬರಹದ ಸಾರ. ಸನ್ ಶೇಡ್ ಕಾರನ್ನು ಕಾಯುತ್ತದೆ. ಡ್ಯಾಶ್‌ಬೋರ್ಡು ಬಿರಿಯುವುದನ್ನು ನಿಧಾನಗೊಳಿಸುತ್ತದೆ, ಸ್ಟೀರಿಂಗ್ ಹಿಡಿಯುವಷ್ಟಾದರೂ ಇರುತ್ತದೆ, ಸೀಟಿನ ಬಣ್ಣ ಉಳಿಯುತ್ತದೆ. ಕಾರಿನೊಳಗೆ ಬಿಟ್ಟ ಔಷಧವನ್ನಾಗಲಿ ಜೀವವನ್ನಾಗಲಿ ಅದು ಕಾಯುವುದಿಲ್ಲ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಬಳಕೆಯಲ್ಲಿರುವುದನ್ನು ಸಾಮಾನ್ಯವಾಗಿ 30 ಡಿಗ್ರಿ ಮೀರದ ಕಡೆ ಸುಮಾರು ನಾಲ್ಕು ವಾರ ಇಡಬಹುದು. ಶೇಡ್ ಹಾಕಿದ ನನ್ನ ಕಾರಿನೊಳಗೂ 51 ಇತ್ತು. ಮಾತ್ರೆಗಳ ಹಾಳೆಯ ಮೇಲೂ ಇಷ್ಟು ಡಿಗ್ರಿಗಿಂತ ಕೆಳಗಿಡಿ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಸುಗಂಧದ ಸ್ಪ್ರೇ ಡಬ್ಬಿಗಳ ಮೇಲೆ 50 ಡಿಗ್ರಿ ಮೀರಿದ ಶಾಖಕ್ಕೆ ಒಡ್ಡಬಾರದೆಂದಿರುತ್ತದೆ. ಓದಿ ನೋಡಿರಿ.

ಮೊಮ್ಮಕ್ಕಳ ವಯಸ್ಸಿನ ಮಕ್ಕಳಿರುವ ನನ್ನ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. 2005ರಲ್ಲಿ ಅಮೆರಿಕದ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗಿನ ಗಾಳಿ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಏರಿತ್ತು. ಆ ಏರಿಕೆಯ ಐದರಲ್ಲಿ ನಾಲ್ಕು ಪಾಲು ಮೊದಲ ಅರ್ಧ ಗಂಟೆಯಲ್ಲಿಯೇ ಆಗಿತ್ತು. ಕಿಟಕಿಯನ್ನು ತುಸು ಇಳಿಸಿದರೂ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಅರಿಜೋನಾದ ಟೆಂಪೆಯಲ್ಲಿ 38 ಡಿಗ್ರಿ ಮೀರಿದ ದಿನಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಒಂದು ಗಂಟೆಯ ಬಳಿಕ ಬಿಸಿಲಿನ ಕಾರುಗಳ ಡ್ಯಾಶ್‌ಬೋರ್ಡು ಸರಾಸರಿ 69 ಡಿಗ್ರಿ, ಸ್ಟೀರಿಂಗ್ 53, ಒಳಗಿನ ಗಾಳಿ 47. ನೆರಳಿನಲ್ಲಿ ನಿಂತ ಕಾರುಗಳಲ್ಲಿ ಅವೇ 48, 42, 38. ಇದರಿಂದ ಎರಡು ಪಾಠ. ಒಂದು, ಮರದ ನೆರಳು ಸಿಕ್ಕರೆ ಅದಕ್ಕೆ ಸಮನಾದ ಶೇಡ್ ಅಂಗಡಿಯಲ್ಲಿ ಸಿಗಲಾರದು. ಹತ್ತು ಹೆಜ್ಜೆ ಹೆಚ್ಚು ನಡೆದರೂ ಸರಿ, ಗಾಡಿಯನ್ನು ಬೇವಿನಡಿಗೇ ನಿಲ್ಲಿಸಿರಿ. ಎರಡು, ನೆರಳಿರಲಿ, ಶೇಡಿರಲಿ, 'ಐದೇ ನಿಮಿಷ' ಎಂದು ಮಗುವನ್ನು ಕಾರಿನಲ್ಲಿ ಬಿಟ್ಟು ಇಳಿಯಬೇಡಿರಿ. ಮಗುವಿನ ಮೈ ದೊಡ್ಡವರದಕ್ಕಿಂತ ಬಹು ಬೇಗ ಕಾಯುತ್ತದೆ. ಚೀಲವನ್ನು ಮರೆತವನು ಬುದ್ಧಿಗೇಡಿಯಾಗಿರಲಿಲ್ಲ. ಯಾರೋ ಕರೆದರೆಂದು ಮಾತನಾಡುತ್ತ ಹೋದ, ಅಷ್ಟೇ.

ಅವಳ ತಂಗಿಯ ಎದುರಿನಲ್ಲಿ ಬೈದಿದ್ದೆ. ಅವಳ ತಂಗಿಯ ಎದುರಿನಲ್ಲಿಯೇ ತಪ್ಪೊಪ್ಪಿಕೊಂಡೆ. ಅದಕ್ಕೆ ನಾನು ಒಂದು ತಿಂಗಳು ತೆಗೆದುಕೊಂಡೆ ಎಂಬುದನ್ನೂ ಬರೆಯುತ್ತೇನೆ. "ಆತು ಬಿಡ್ರಿ" ಎಂದಳು. ಆದರೆ ಅಂದಿನಿಂದ ಔಷಧದ ಚೀಲವನ್ನು ಅವಳು ನನ್ನ ಕೈಗೆ ಕೊಡುವುದಿಲ್ಲ. ಹೂವು ಹಣ್ಣುಗಳನ್ನು ಕೊಡುತ್ತಾಳೆ. ಗಾಡಿ ನಿಲ್ಲಿಸಿ ನಾನು ಬೆಳ್ಳಿಯ ಹಾಳೆಯನ್ನು ಬಿಡಿಸಿ ಗಾಜಿಗೆ ಹೊಂದಿಸುತ್ತಿರುವಾಗ ಅವಳು ಹೊರಗೆ ನಿಂತು ಚೀಲವನ್ನು ಎತ್ತಿ ತೋರಿಸುತ್ತಾಳೆ. ನಾನು ತಲೆಯಾಡಿಸುತ್ತೇನೆ.

ಡ್ಯಾಶ್‌ಬೋರ್ಡಿನ ಬಿರುಕು ಮೊದಲಿದ್ದಷ್ಟೇ ಇದೆ, ಮುಂದೆ ಬೆಳೆದಿಲ್ಲ. ಗಣಪತಿಯನ್ನು ತೆಗೆದು ಮನೆಯ ದೇವರ ಗೂಡಿನಲ್ಲಿಟ್ಟಿದ್ದೇವೆ. ಅಲ್ಲಿ ಅವನಿಗೂ ತಂಪು. ಸನ್ ಶೇಡ್ ಕೇಳಿದ ವಿದ್ಯಾರ್ಥಿನಿಗೆ: ಟೇಪು ಹಿಡಿದು ಮೂರು ಅಳತೆ ತೆಗೆದುಕೋ ತಾಯಿ, ಬೆಳ್ಳಿಯ ಹೊಳಪಿನ ಮಡಿಕೆಯದನ್ನೇ ಕೊಂಡುಕೋ. ಇಳಿಯುವ ಮುನ್ನ ಹಿಂದಿನ ಸೀಟನ್ನೊಮ್ಮೆ ತಿರುಗಿ ನೋಡು.

ಎಲ್ಲರಿಗೂ ಈ ಬೇಸಿಗೆ ಸುಖವಾಗಿ ಕಳೆಯಲಿ.